ಸಿಸಿ ರಸ್ತೆಯ ಬಿಲ್ಲಿಗೆ ಸಹಿ ಹಾಕುವ ಮೊದಲು

ಗ್ರಾಮ ಪಂಚಾಯಿತಿಯಲ್ಲಿ ನೇರವಾಗಿ ನಡೆದುಕೊಳ್ಳಬೇಕು ಅಂದುಕೊಂಡವರು ಹೆಚ್ಚಾಗಿ ಎಡವುವುದು ಕಾಮಗಾರಿಯ ಅಳತೆ ಬರೆದಿಡುವ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ. ಲಂಚದ ಕವರು ಕಣ್ಣೆದುರು ಬಂದರೆ ಬೇಡ ಅನ್ನಬಹುದು. ಎಂ.ಬಿ. ಮುಂದೆ ಬರುವಷ್ಟರಲ್ಲಿ ಸುಳ್ಳನ್ನು ಬೇರೆಯವರು ಬರೆದು ಮುಗಿಸಿರುತ್ತಾರೆ, ಉಳಿದಿರುವುದು ಒಂದು ಸಹಿ.

100 ಮೀಟರ್ ಉದ್ದ, 3 ಮೀಟರ್ ಅಗಲದ ಸಿಸಿ ರಸ್ತೆ. ಅಂದಾಜು ಪಟ್ಟಿಯಲ್ಲಿ ದಪ್ಪ 15 ಸೆಂ.ಮೀ. ಅಂದರೆ 45 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. 10 ಸೆಂ.ಮೀ. ಹಾಕಿದರೆ ಬೀಳುವುದು 30. ಮೂರರಲ್ಲಿ ಒಂದು ಪಾಲು ರಸ್ತೆಯಲ್ಲಿಲ್ಲ, ಬಿಲ್ಲಿನಲ್ಲಿದೆ. ಉದ್ದ ಅಗಲವನ್ನು ಯಾರು ಬೇಕಾದರೂ ಟೇಪು ಹಿಡಿದು ನೋಡಬಹುದು, ಅದಕ್ಕೇ ಕದಿಯುವುದು ದಪ್ಪದಲ್ಲಿ. ಅಂಚಿನಲ್ಲಿ ಸರಿಯಾಗಿ 15 ಇಟ್ಟು ನಡುವೆ ಮಣ್ಣು ಏರಿಸಿರುವುದೂ ಉಂಟು, ಹಾಗಾಗಿ ಕೆಲಸ ಮುಗಿದ ಮೇಲೆ ಅಂಚು ನೋಡಿ ಬಂದರೆ ಏನೂ ಗೊತ್ತಾಗದು. ಕಾಂಕ್ರೀಟ್ ಸುರಿಯುವ ಮುಂಚೆಯೇ ಹೋಗಬೇಕು. ಎರಡೂ ಬದಿಯ ಶಟರಿಂಗ್ ಹಲಗೆಗಳ ಮೇಲಿಂದ ಅಡ್ಡಲಾಗಿ ದಾರ ಬಿಗಿದು, ದಾರದಿಂದ ನೆಲದವರೆಗೆ ನಾಲ್ಕೈದು ಕಡೆ ಅಳೆದು, ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟು ಸುಲಭದ ಕೆಲಸ ಯಾಕೆ ಆಗುವುದಿಲ್ಲ? ಅಳತೆ ಬರೆಯುವ ಜೆಇ (ಕಿರಿಯ ಎಂಜಿನಿಯರ್) ಪಂಚಾಯಿತಿಯ ನೌಕರರಲ್ಲ, ಅವರ ಮೇಲೆ ಹಲವು ಪಂಚಾಯಿತಿಗಳ ಹೊರೆ. ಕೆಲಸದ ಗುತ್ತಿಗೆ ಬಹಳ ಸಲ ಸದಸ್ಯರೊಬ್ಬರ ಭಾವಮೈದುನನ ಹೆಸರಿನಲ್ಲಿರುತ್ತದೆ. ಪಂಚಾಯಿತಿ ಗುತ್ತಿಗೆಯಲ್ಲಿ ಪಾಲಿದ್ದರೆ ಸದಸ್ಯತ್ವವೇ ಹೋಗುತ್ತದೆ ಎನ್ನುತ್ತದೆ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ, ಆದರೆ ಬೇನಾಮಿ ಪಾಲನ್ನು ಸಾಬೀತು ಮಾಡುವವರು ಯಾರು? ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತಡೆದರೆ ವರ್ಗಾವಣೆಯ ಮಾತು ಬರುತ್ತದೆ. ಇನ್ನು ಕೆಲವು ಕಡೆ ಹಣ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡೊಂಗಲ್ಲೂ ಪಾಸ್‌ವರ್ಡೂ ಆಪರೇಟರ್ ಮೇಜಿನಲ್ಲೇ ಬಿದ್ದಿರುತ್ತವೆ. ಇದು ಸಣ್ಣ ತಪ್ಪಲ್ಲ. ಹಣ ಹೋಗುವುದು ಸಹಿ ಯಾರದೋ ಅವರ ಹೆಸರಿನಲ್ಲಿ.

ಬಾಯಿಮಾತಿನ ವಿರೋಧ ನಿಲ್ಲುವುದಿಲ್ಲ. ಪಿಡಿಒ ಆದವರು ಕಡತದ ಟಿಪ್ಪಣಿಯಲ್ಲಿ ಕಂಡ ಅಳತೆ ಬರೆದು, ತಾರೀಕು ಹಾಕಿ, ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಮ್ಮುಖದಲ್ಲಿ ಮರು ಅಳತೆ ಕೇಳಬೇಕು. ಸದಸ್ಯರು ತಮ್ಮ ಆಕ್ಷೇಪಣೆ ಸಭೆಯ ನಡಾವಳಿಯಲ್ಲಿ ದಾಖಲಾಗುವವರೆಗೆ ಸಹಿ ಹಾಕಬಾರದು. ಖಾಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುವ ಅಭ್ಯಾಸವೇ ಎಲ್ಲಕ್ಕಿಂತ ಕೆಟ್ಟದ್ದು.

ಊರಿನವರಿಗೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಎರಡು ರಸ್ತೆಯನ್ನು ಒಟ್ಟಿಗೆ ಕೇಳಿದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಅಂದಾಜು ಪಟ್ಟಿ, ಎಂ.ಬಿ. ಪುಟಗಳು, ಬಿಲ್ಲು ಕೇಳಿ. ಕಾಮಗಾರಿಯನ್ನು ಪರಿಶೀಲಿಸುವ, ದೃಢೀಕರಿಸಿದ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯ ಸೆಕ್ಷನ್ 2(ಜೆ)ಯಲ್ಲಿದೆ. ದಪ್ಪದ ಬಗ್ಗೆ ಅನುಮಾನವಿದ್ದರೆ ಕೇಳಬೇಕಾದ್ದು ಅದನ್ನೇ.