ಮಾತು ದಾಖಲೆ: ಮನೆಯವರಿಗೆ ಹೇಳಿದ್ದು, ಹೊರಗಿನವರಿಗೆ ಹೇಳಿದ್ದು

ಈ ಸಲದ ದೊಡ್ಡ ಬದಲಾವಣೆ ಎಂದರೆ ಒಬ್ಬರ ಬದುಕಿನ ಕಥೆಯನ್ನೇ ಎರಡು ಸಲ ರೆಕಾರ್ಡ್ ಮಾಡಲು ಶುರುಮಾಡಿದ್ದೇನೆ. ಮೊದಲು ಮನೆಯವರ ಎದುರು. ಸ್ವಲ್ಪ ದಿನ ಬಿಟ್ಟು, ಹಿಂದೆಂದೂ ಮುಖ ನೋಡಿರದ ಒಬ್ಬರ ಎದುರು. ಪ್ರಶ್ನೆಗಳ ಚೀಟಿ ಎರಡು ಸಲವೂ ಅದೇ. ಬರುವ ಉತ್ತರ ಮಾತ್ರ ಅದೇ ಅಲ್ಲ.

ಹೊಸದಾಗಿ ಓದುತ್ತಿರುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಜನರ ಮಾತನ್ನು ರೆಕಾರ್ಡ್ ಮಾಡಿಡುವ ಈ ಹವ್ಯಾಸಕ್ಕೆ ದಾರಿ ತೋರಿಸಿದ್ದು ಸ್ಟೋರಿಕಾರ್ಪ್ಸ್ ಎಂಬ ಅಮೆರಿಕದ ಸಂಸ್ಥೆ. ಡೇವ್ ಐಸೇ 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಬೂತ್ ಇಟ್ಟು ಅದನ್ನು ಆರಂಭಿಸಿದರು. ಒಬ್ಬರಿಗೊಬ್ಬರು ಬೇಕಾದ ಇಬ್ಬರು ಒಳಗೆ ಕೂತು 40 ನಿಮಿಷ ಮಾತಾಡುತ್ತಾರೆ. ಅವರು ಒಪ್ಪಿದರೆ ಒಂದು ಪ್ರತಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಮೆರಿಕನ್ ಫೋಕ್‌ಲೈಫ್ ಸೆಂಟರಿಗೆ ಹೋಗುತ್ತದೆ. 2018ರಲ್ಲಿ ಅವರೇ ಇನ್ನೊಂದು ಯೋಜನೆ ತಂದರು. ಅದರಲ್ಲಿ ರಾಜಕೀಯವಾಗಿ ಎದುರುಬದುರು ನಿಲ್ಲುವ ಅಪರಿಚಿತರಿಬ್ಬರನ್ನು ಕೂರಿಸಿ ಮಾತಾಡಿಸುತ್ತಾರೆ; ಆದರೆ ರಾಜಕೀಯ ವಾದಕ್ಕಲ್ಲ, ಬದುಕಿನ ಬಗ್ಗೆ. ನನ್ನ ತಲೆಗೆ ಬಂದದ್ದು ಇಷ್ಟೇ: ಒಬ್ಬರನ್ನೇ ಎರಡೂ ಕುರ್ಚಿಯಲ್ಲಿ ಕೂರಿಸಿದರೆ ಏನಾದೀತು? 40 ನಿಮಿಷದ ಗಡುವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮೊದಲರ್ಧ ಎಲ್ಲರೂ ಹೇಳಬೇಕೆಂದುಕೊಂಡು ಬಂದದ್ದನ್ನೇ ಹೇಳುತ್ತಾರೆ. ಕೆಲಸಕ್ಕೆ ಬರುವುದು ಆಮೇಲಿನದು.

ಛಾಪಖಾನೆಯಲ್ಲಿ ಮೊಳೆ (ಸೀಸದ ಅಕ್ಷರದಚ್ಚು) ಜೋಡಿಸುತ್ತಿದ್ದ ಹಿರಿಯರೊಬ್ಬರದು ಈವರೆಗಿನ ಅತ್ಯುತ್ತಮ ಜೋಡಿ ರೆಕಾರ್ಡಿಂಗ್. ಮಗಳ ಎದುರು ಕೆಲಸ ಬಿಟ್ಟ ಪ್ರಸಂಗ ಎರಡೇ ಮಾತಿನಲ್ಲಿ ಮುಗಿಯಿತು: “ಕಣ್ಣು ಸರಿ ಕಾಣ್ತಿರಲಿಲ್ಲ, ಬಿಟ್ಟೆ. ನಿನಗೆ ಗೊತ್ತಿರೋದೇ ಅಲ್ವೇನಮ್ಮ.” ಮಗಳೂ ಹೂಂಗುಟ್ಟಿ ಮುಂದಿನ ಪ್ರಶ್ನೆಗೆ ಹೋದರು. ಹೊರಗಿನ ಯುವಕನಿಗೆ ಮೊಳೆ ಎಂದರೇನೆಂದೇ ಗೊತ್ತಿಲ್ಲ. ಅವನಿಗೆ ಎಲ್ಲವನ್ನೂ ಬುಡದಿಂದ ಹೇಳಬೇಕಾಯಿತು: ಸೀಸದ ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಹಾಗೇ ಓದಿ ರೂಢಿಯಾಗುತ್ತದೆ, ಒತ್ತಕ್ಷರಕ್ಕೆ ಬೇರೆ ಖಾನೆ ಇರುತ್ತದೆ, ಆಮೇಲೆ ಕಂಪ್ಯೂಟರ್ ಬಂತು. “ನೀವೂ ಕಂಪ್ಯೂಟರ್ ಕಲೀಬಹುದಿತ್ತಲ್ಲ ಸರ್?” ಎಂದು ಆತ ಸಹಜವಾಗಿ ಕೇಳಿದ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲಿಸೋಕೆ ಬಂದವನು ನನ್ನ ಕೈಕೆಳಗೇ ಕೆಲಸ ಕಲಿತ ಹುಡುಗ. ಅವನ ಮುಂದೆ ಕೂತು ಕಲಿಯೋಕೆ ಮನಸ್ಸು ಒಪ್ಪಲಿಲ್ಲಪ್ಪ” ಎಂದರು. ಕಣ್ಣಿನ ಮಾತು ಆ ರೆಕಾರ್ಡಿಂಗಿನಲ್ಲಿ ಎಲ್ಲೂ ಬರಲೇ ಇಲ್ಲ.

ಜರ್ಮನ್ ಸಮಾಜಶಾಸ್ತ್ರಜ್ಞ ಗಿಯಾರ್ಗ್ ಸಿಮ್ಮೆಲ್ 1908ರಲ್ಲೇ ಇದನ್ನು ಗುರುತಿಸಿದ್ದರು. ಹತ್ತಿರದವರಿಂದ ಜೋಪಾನವಾಗಿ ಮುಚ್ಚಿಟ್ಟದ್ದನ್ನೂ ಜನ ಹೊರಗಿನಿಂದ ಬಂದವನ ಮುಂದೆ ಬಿಚ್ಚಿಡುತ್ತಾರೆ ಎಂದು.

ಹಾಗಂತ ಮನೆಯವರ ರೆಕಾರ್ಡಿಂಗ್ ಸಪ್ಪೆ ಎಂದುಕೊಳ್ಳಬೇಡಿ. ಹೊರಗಿನವರು ಹೇಳಿದ್ದನ್ನೆಲ್ಲ ನಂಬುತ್ತಾರೆ, ಮನೆಯವರು ನಂಬುವುದಿಲ್ಲ. ಒಂದು ಅಕ್ಕ–ತಮ್ಮನ ಜೋಡಿ ಬಾಲ್ಯದ ಮನೆ ಬಿಟ್ಟ ವರ್ಷದ ಬಗ್ಗೆ ಜಗಳಕ್ಕೇ ನಿಂತಿತು. “ಆಗ ಅಪ್ಪ ಇದ್ರು ಕಣೋ.” “ಇರಲಿಲ್ಲ ಕಣೇ ಅಕ್ಕ, ಸಾಮಾನು ಗಾಡಿಗೆ ಹಾಕಿದ್ದು ನಾನು, ಕಟ್ಟಿದ್ದು ದೊಡ್ಡಪ್ಪ.” ಇಬ್ಬರೂ ಸಾಕ್ಷಿಗೆಂದು ಒಂದೊಂದೇ ವಿವರ ಹೊರಗೆ ಹಾಕತೊಡಗಿದರು: ಯಾವ ಬಾಗಿಲಿನ ಚಿಲಕ ಮುರಿದಿತ್ತು, ಯಾರ ಹಾಸಿಗೆ ಎಲ್ಲಿತ್ತು, ಹೊರಡುವಾಗ ಅತ್ತವರು ಯಾರು. ನಾನು ಎಷ್ಟು ಪ್ರಶ್ನೆ ಕೇಳಿದ್ದರೂ ಅದೆಲ್ಲ ಬರುತ್ತಿರಲಿಲ್ಲ.

ವರ್ಷ ಯಾವುದು ಸರಿ ಎಂದು ನಾನು ಹುಡುಕಲು ಹೋಗಿಲ್ಲ. ಜನರ ನೆನಪುಗಳನ್ನು ಕೇಳಿ ಇತಿಹಾಸ ಬರೆದ ಇಟಲಿಯ ಅಲೆಸ್ಸಾಂದ್ರೊ ಪೋರ್ಟೆಲ್ಲಿ ಇಂಥದ್ದೊಂದನ್ನು ಬೆನ್ನುಹತ್ತಿದ್ದರು. ತೆರ್ನಿ ಎಂಬ ಉಕ್ಕಿನ ಊರಿನಲ್ಲಿ ಲೂಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ 1949ರಲ್ಲಿ ನೇಟೋ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಸತ್ತ. ಆದರೆ ಊರಿನ ಅನೇಕರ ನೆನಪಿನಲ್ಲಿ ಅವನು ಸತ್ತದ್ದು 1953ರಲ್ಲಿ, ಸಾವಿರಾರು ಜನರ ಕೆಲಸ ಹೋದಾಗಿನ ಗಲಾಟೆಯಲ್ಲಿ. ಅವರಿಗೆಲ್ಲ ಮರೆವು ಎಂದು ಪೋರ್ಟೆಲ್ಲಿ ತಳ್ಳಿಹಾಕಲಿಲ್ಲ. ಊರಿಗೆ ಯಾವ ಪೆಟ್ಟು ದೊಡ್ಡದಾಗಿತ್ತೋ ಆ ಸಾವು ಅಲ್ಲಿಗೆ ಸರಿದಿದೆ ಎಂದು ಓದಿಕೊಂಡರು. ನಾನೂ ಅಕ್ಕನ ವರ್ಷ, ತಮ್ಮನ ವರ್ಷ ಎರಡನ್ನೂ ಹಾಗೇ ಬರೆದಿಟ್ಟಿದ್ದೇನೆ.

ಹೊರಗಿನವರನ್ನು ಆರಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟ. ಅವರಿಗೆ ಎರಡೇ ನಿಯಮ: ಬುದ್ಧಿ ಹೇಳಬಾರದು, “ನನಗೂ ಹೀಗೇ ಆಗಿತ್ತು” ಎಂದು ತಮ್ಮ ಕಥೆ ತೆಗೆಯಬಾರದು. ಎರಡನೆಯದನ್ನು ಪಾಲಿಸುವವರು ಬಹಳ ಅಪರೂಪ. ತುಂಬ ಓದಿಕೊಂಡವರಿಗಿಂತ, ಗೊತ್ತಿಲ್ಲ ಎನ್ನಲು ಸಂಕೋಚವಿಲ್ಲದವರು ಚೆನ್ನಾಗಿ ಕೇಳುತ್ತಾರೆ. ನಾನು ಇಬ್ಬರ ಕಣ್ಣಿಗೂ ಬೀಳದಂತೆ ಪಕ್ಕಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ.

ತಾಂತ್ರಿಕ ವಿಷಯ ಚುಟುಕಾಗಿ. ಇಬ್ಬರಿಗೂ ಕಾಲರ್ ಮೈಕ್, ಒಬ್ಬೊಬ್ಬರಿಗೆ ಒಂದೊಂದು ಟ್ರ್ಯಾಕ್. ಮಾತಿನ ಮೇಲೆ ಮಾತು ಬಿದ್ದಾಗ (ಅಕ್ಕ–ತಮ್ಮ!) ಬಿಡಿಸಿಕೊಳ್ಳಲು ಇದಿಲ್ಲದೆ ಆಗದು. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವಂಥದ್ದು); ಎರಡು ಟ್ರ್ಯಾಕಿನ 40 ನಿಮಿಷಕ್ಕೆ ಸುಮಾರು 690 ಎಂಬಿ. ಜೋರು ದನಿ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ನಗು ಸಿಡಿದಾಗಲೂ ದನಿ ಒಡೆಯುವುದಿಲ್ಲ. ಎಂಪಿ3 ಹಂಚುವುದಕ್ಕೆ ಮಾತ್ರ. ಮಾತನ್ನು ಬರಹಕ್ಕಿಳಿಸಲು ತಂತ್ರಾಂಶ ಬಳಸುತ್ತೇನೆ. ಆದರೆ ಮೌನ, ಹೂಂಗುಟ್ಟುವಿಕೆ ಎಲ್ಲವನ್ನೂ ಅದು ಗುಡಿಸಿಹಾಕುತ್ತದೆ. ಆದ್ದರಿಂದ ಪೂರ್ತಿ ಮತ್ತೆ ಕೇಳಿ ಕೈಯಾರೆ ತುಂಬಲೇಬೇಕು.

ಹೆಚ್ಚು ಯೋಚನೆ ಹಿಡಿದದ್ದು ಒಪ್ಪಿಗೆಯ ವಿಷಯ. ಹೊರಗಿನವರಿಗೆ ಹೇಳಿದ್ದು ಮನೆಗೆ ತಲುಪಬಹುದೇ? ಈಗ ಎರಡು ರೆಕಾರ್ಡಿಂಗಿಗೂ ಬೇರೆಬೇರೆ ಒಪ್ಪಿಗೆ ಪತ್ರ. ಹೇಳಿದವರು ಮೊದಲು ತಾವೇ ಕೇಳಿಸಿಕೊಳ್ಳಬೇಕು, ಬೇಡದ ಭಾಗ ತೆಗೆಸಬಹುದು, ಯಾರು ಯಾವಾಗ ಕೇಳಬಹುದೆಂದು ಬರೆಯಬೇಕು, “ನಾನು ಹೋದ ಮೇಲೆ” ಎಂಬುದೂ ಸೇರಿ. ಮೊಳೆಯ ಹಿರಿಯರು ಮೊದಲು “ಸದ್ಯಕ್ಕೆ ಯಾರಿಗೂ ಬೇಡ” ಎಂದಿದ್ದರು. ಆಮೇಲೆ ತಾವೇ ಮಗಳಿಗೆ ಹೇಳಿ, ಇಲ್ಲಿ ಬರೆಯಲೂ ಒಪ್ಪಿದರು. ಮಗಳಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲವಂತೆ. ಅಮ್ಮ ಎಂದೋ ಹೇಳಿಬಿಟ್ಟಿದ್ದರಂತೆ.

ಮುಂದಿನ ಕೆಲಸ, ಸರದಿ ಬದಲಿಸಿ ನೋಡುವುದು. ಇದುವರೆಗೆ ಎಲ್ಲ ಜೋಡಿಯಲ್ಲೂ ಮನೆಯವರೇ ಮೊದಲು. ಎರಡನೇ ಸಲ ಹೇಳುವಾಗ ಕಥೆ ತಂತಾನೇ ಹದಕ್ಕೆ ಬಂದಿರುತ್ತದೆ, ಹಾಗಾಗಿ ವ್ಯತ್ಯಾಸವೆಲ್ಲ ಕೇಳುಗರಿಂದಲೇ ಎಂದು ಈಗಲೇ ಹೇಳಲಾರೆ. ಕೆಲವರನ್ನು ಹೊರಗಿನವರ ಎದುರು ಮೊದಲು ಕೂರಿಸಬೇಕು. ಅಕ್ಕ–ತಮ್ಮ ಇಬ್ಬರನ್ನೂ ಒಬ್ಬೊಬ್ಬರಾಗಿ ಹೊರಗಿನವರ ಎದುರು ಕೂರಿಸುವುದೂ ಬಾಕಿ ಇದೆ. ತಮ್ಮ ಒಪ್ಪಿದ್ದಾರೆ. ಅಕ್ಕನ ಷರತ್ತು ಒಂದಿದೆ: ಮೊದಲು ತಮ್ಮ ಏನು ಹೇಳಿದ ಅಂತ ತನಗೆ ಕೇಳಿಸಬೇಕು. ಆಗುವುದಿಲ್ಲ ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.