ಚೌತಿಗೆ ಹುಲ್ಲು ಬಿತ್ತುವ ಊರು

ಶಿರಸಿ ಕಡೆ ಮಳೆಗಾಲ ಮುಗಿದ ಮೇಲೆ ಅಂಗಳದ ಹುಲ್ಲು ಕೆತ್ತುವುದೇ ಒಂದು ದೊಡ್ಡ ಕೆಲಸ. ಕೆತ್ತಿ, ನೆಲ ಬಡಿದು ಸಮ ಮಾಡಿ, ಸಗಣಿ ಬಳಿದ ಮೇಲೆ ಅಲ್ಲಿ ಅಡಿಕೆ ಹರವಬೇಕು. ಅಂಗಳದ ತುಂಬ ಹುಲ್ಲು ಬಿದ್ದಿದ್ದರೆ ಆ ಮನೆಯಲ್ಲಿ ಕೆಲಸ ಮಾಡುವವರಿಲ್ಲ ಅಂತಲೇ ಲೆಕ್ಕ. ನಾನಿರುವ ಅಮೆರಿಕದ ಮೇರಿಲ್ಯಾಂಡಿನಲ್ಲಿ ಇದೆಲ್ಲ ಉಲ್ಟಾ. ಮನೆ ಮುಂದೆ ಹುಲ್ಲು ಬೋಳಾದರೆ ಬಡಾವಣೆಯ ಸಂಘದಿಂದ ಪತ್ರ ಬರುತ್ತದೆ. ಜಾಸ್ತಿ ಎತ್ತರ ಬೆಳೆದರೂ ಬರುತ್ತದೆ. ಕಳೆ ತುಂಬಿದರೆ ಪತ್ರ ಬರುವುದಿಲ್ಲ, ಪಕ್ಕದ ಮನೆಯವರ ಮುಖ ಬದಲಾಗುತ್ತದೆ, ಅಷ್ಟೇ.

ಇದನ್ನು ಬರೆಯೋದಕ್ಕೆ ಕಾರಣ ನಮ್ಮ ಭಾವ. ಶಿರಸಿ–ಕುಮಟಾ ರಸ್ತೆಯ ಬದಿ ಅವರದೊಂದು ಹೋಮ್‌ಸ್ಟೇ ಇದೆ. ನಾನು ಚೌತಿ ದಿನ ಕಳಿಸಿದ ಫೋಟೊದಲ್ಲಿ ಮೋದಕದ ತಟ್ಟೆಯ ಹಿಂದೆ, ಕಿಟಕಿಯಾಚೆ, ಬೀಜದ ಚೀಲ ಕಂಡಿದೆ. "ಹುಲ್ಲಿಗೂ ಬಿತ್ತನೆಯಾ? ಅದೂ ಈಗ? ಇಲ್ಲಿಗೆ ಬರೋವಾಗ ಒಂದು ಚೀಲ ತಗಂಡು ಬಾ ಮಾರಾಯ" ಅಂದರು. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ ಇದು.

ಮೊದಲು ಹುಲ್ಲಿನ ಜಾತಿ. ಇಲ್ಲಿ ಹೆಚ್ಚಿನ ಮನೆಗಳ ಮುಂದೆ ಇರುವುದು ಟಾಲ್ ಫೆಸ್ಕ್ಯೂ. ಚಳಿ ಸೀಮೆಯ ಹುಲ್ಲು. ಇದು ನಮ್ಮ ಗರಿಕೆಯ ಹಾಗೆ ನೆಲದ ಮೇಲೆ ಹರಿದು ಗಿಣ್ಣು ಗಿಣ್ಣಿಗೆ ಬೇರು ಬಿಡುವುದಿಲ್ಲ. ಭತ್ತದಂತೆ ನಿಂತಲ್ಲೇ ತೆಂಡೆ ಒಡೆಯುತ್ತದೆ. ಹಾಗಾಗಿ ಜುಲೈ ಬಿಸಿಲಿಗೆ ಒಂದಷ್ಟು ಬುಡ ಸತ್ತರೆ ಆ ಜಾಗ ತಾನಾಗಿ ತುಂಬಿಕೊಳ್ಳುವುದಿಲ್ಲ. ನೀರು ಹೊಯ್ದರೆ ಸರಿಹೋಗುತ್ತದೆ ಅಂತ ಕಾದರೆ, ಬೋಳು ಜಾಗ ಮೊದಲು ಸಿಗುವುದು ಕಳೆಗೆ. ಹೀಗಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಇದ್ದ ಹುಲ್ಲಿನ ನಡುವೆಯೇ ಮತ್ತೆ ಬೀಜ ಹಾಕಬೇಕು.

ಯಾವಾಗ ಅನ್ನುವುದೇ ಇದರಲ್ಲಿ ಮುಖ್ಯ. ವಸಂತ ಬಂದು ಮರ ಚಿಗುರಿದ ಕೂಡಲೇ ಇಲ್ಲಿನ ಅಂಗಡಿಗಳು ಬಾಗಿಲಲ್ಲೇ ಬೀಜದ ಚೀಲ ಪೇರಿಸಿಡುತ್ತವೆ. ಜನರೂ ಮುಗಿಬೀಳುತ್ತಾರೆ. ನನ್ನ ಮಟ್ಟಿಗೆ ಅದು ಅಂಗಡಿಯವರಿಗೆ ಒಳ್ಳೆಯ ಕಾಲ, ಹುಲ್ಲಿಗಲ್ಲ. ಏಪ್ರಿಲಿನಲ್ಲಿ ಹುಟ್ಟಿದ ಸಸಿ ಬೇರು ಇಳಿಸುವ ಮೊದಲೇ ಬೇಸಿಗೆ ಬಂದು ತಲೆ ಮೇಲೆ ಕೂರುತ್ತದೆ. ಅದರ ಜೊತೆಗೇ ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆಯೂ ಹುಟ್ಟುತ್ತದೆ, ಬಿಸಿಲೆಂದರೆ ಅದಕ್ಕೆ ಹಬ್ಬ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ, ತೀರಾ ತಡವೆಂದರೆ ಅಕ್ಟೋಬರ್ ನಡುವಿನವರೆಗೆ ಹಾಕಿದರೆ ಲೆಕ್ಕವೇ ಬೇರೆ. ಮಣ್ಣಿನಲ್ಲಿ ಬೇಸಿಗೆಯ ಕಾವು ಇನ್ನೂ ಇರುತ್ತದೆ, ಬೀಜ ಬೇಗ ಮೊಳೆಯುತ್ತದೆ. ಗಾಳಿ ತಂಪಾಗಿರುತ್ತದೆ, ಸಸಿ ಬಾಡುವುದಿಲ್ಲ. ಮೊದಲ ಹಿಮ ಬಿದ್ದಾಗ ಕ್ರ್ಯಾಬ್‌ಗ್ರಾಸ್ ತಾನೇ ಸಾಯುತ್ತದೆ. ಮುಂದಿನ ಬೇಸಿಗೆಯ ಹೊತ್ತಿಗೆ ಹೊಸ ಹುಲ್ಲಿಗೆ ಎರಡು ತಂಪು ಕಾಲ ಸಿಕ್ಕಿರುತ್ತದೆ. ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಎರಡೂ ಸಲ ಸರಿಯಾಗಿ ಬಿತ್ತುವ ಕಾಲದೊಳಗೇ. ಹಾಗಾಗಿ ನಮ್ಮ ಮನೆಯಲ್ಲಿ ಗಣಪತಿ ಬಂದ ಅಂದರೆ ಬೀಜ ತರಬೇಕು ಅಂತ ನೆನಪಾಗುತ್ತದೆ. ಇಲ್ಲಿಯವರು ಇದಕ್ಕೆ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ.

ಬೀಜ ಹಾಕುವ ಮುಂಚೆ ಹುಲ್ಲು ಯಾಕೆ ಹೋಯಿತು ಅಂತ ನೋಡಬೇಕು. ಒಣಗಿದ ಜಾಗದ ಹುಲ್ಲನ್ನು ಹಿಡಿದು ಎಳೆದಾಗ ಬೇರಿನ ಹಿಡಿತವೇ ಇಲ್ಲದೆ ಸಲೀಸಾಗಿ ಎದ್ದು ಬಂದರೆ, ಅಡಿಯ ಮಣ್ಣು ಕೆದಕಿ ನೋಡಿ. ಬಿಳಿ ಮೈ, ಕಂದು ತಲೆ, ಮುರುಟಿಕೊಂಡು ಮಲಗಿದ ಹುಳ. ಅಡಿಕೆ ತೋಟ ಇದ್ದವರಿಗೆ ಪರಿಚಯ ಮಾಡಿಸಬೇಕಾಗಿಲ್ಲ, ಬೇರುಹುಳದ ಬಳಗವೇ. ಇಲ್ಲಿ ಅದು ಹೆಚ್ಚಾಗಿ ಜಪಾನಿ ಜೀರುಂಡೆಯ ಮರಿ. ಒಂದು ಚದರ ಅಡಿಯಲ್ಲಿ ಒಂದೆರಡು ಸಿಕ್ಕರೆ ಹೆದರಬೇಕಿಲ್ಲ, ಹತ್ತಕ್ಕಿಂತ ಜಾಸ್ತಿ ಇದ್ದರೆ ಮೊದಲು ಅದಕ್ಕೆ ಮದ್ದು. ಮರದ ದಟ್ಟ ನೆರಳಿಗೆ ಸತ್ತಿದ್ದರೆ ಎಷ್ಟು ಬೀಜ ಸುರಿದರೂ ಅಷ್ಟೇ, ಅಲ್ಲಿ ಬೇರೆ ಗಿಡ ಹಾಕುವುದು ಒಳ್ಳೆಯದು. ಮಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕು. ಹುಳಿ ಜಾಸ್ತಿ ಇದ್ದರೆ ನಮ್ಮ ತೋಟಕ್ಕೆ ಹಾಕುವ ಹಾಗೆಯೇ ಸುಣ್ಣ. ಪಿಎಚ್ 6ರಿಂದ 7ರ ಒಳಗಿದ್ದರೆ ಸಾಕು.

ಇನ್ನು ಕಳೆ. ಬೇಸಿಗೆಯಲ್ಲಿ ಆಯಿ ಬಂದಾಗ ಹಿತ್ತಿಲ ಮೂಲೆಯಲ್ಲಿ ಕೂತು "ಇಷ್ಟು ಒಂದೆಲಗ ಇಟ್ಟುಕೊಂಡು ತಂಬುಳಿ ಮಾಡ್ದೆ ಇದ್ರಲ್ಲ" ಅಂತ ಬೈದರು. ದುಂಡಗಿನ ಎಲೆ, ಅಂಚಿನಲ್ಲಿ ಸಣ್ಣ ಕಚ್ಚು, ನೆಲಕ್ಕೆ ಅಂಟಿ ಹರಿಯುವ ಬಳ್ಳಿ. ಮೇಲ್ನೋಟಕ್ಕೆ ಒಂದೆಲಗವೇ. ಆದರೆ ಇದರ ದಂಟು ಚೌಕ, ಒಂದೊಂದು ಗಿಣ್ಣಿನಲ್ಲೂ ಎದುರುಬದುರು ಎರಡು ಎಲೆ. ಇದು ಪುದೀನದ ಜಾತಿಯ ಗ್ರೌಂಡ್ ಐವಿ. ಒಂದೆಲಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಯಿ ಒಂದು ಎಲೆ ಕಿವುಚಿ ಮೂಸಿ ನೋಡಿ, ಸುಮ್ಮನೆ ಕೈ ತೊಳೆದುಕೊಂಡರು.

ಆದರೆ ಇಲ್ಲಿಯ ದೊಡ್ಡ ತಲೆನೋವು ಗರಿಕೆ. ಹೌದು, ನಾವು ಗಣಪತಿಗೆ ಇಪ್ಪತ್ತೊಂದು ಕುಡಿ ಏರಿಸುವ ಅದೇ ಗರಿಕೆ. ಇಲ್ಲಿಯವರು ಅದನ್ನು ಬರ್ಮುಡಾ ಗ್ರಾಸ್ ಅನ್ನುತ್ತಾರೆ. ಬೇಸಿಗೆಯಲ್ಲಿ ಹಸಿರಾಗಿ ಫೆಸ್ಕ್ಯೂವನ್ನು ನುಂಗಿಕೊಂಡು ಬರುತ್ತದೆ, ಚಳಿ ಬಿದ್ದರೆ ಕಂದಾಗಿ ಮಲಗುತ್ತದೆ, ಅಂಗಳ ತೇಪೆ ಹಾಕಿದ ಹಾಗೆ ಕಾಣುತ್ತದೆ. ಪಕ್ಕದ ಮನೆಯವರು ಜುಲೈ–ಆಗಸ್ಟಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತಿರುವಾಗಲೇ ಎರಡು ಮೂರು ಸಲ ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡೆಯುತ್ತಾರೆ. ಕಡೇ ಸಲ ಹೊಡೆದು ಒಂದು ವಾರವಾದರೂ ಬಿಟ್ಟೇ ಬಿತ್ತನೆ. ನಾನು ಒಂದು ಮೂಲೆಯ ಗರಿಕೆ ಬಿಟ್ಟುಕೊಂಡಿದ್ದೇನೆ. ಚೌತಿಗೆ ಬೇಕಲ್ವಾ!

ಅಗಲ ಎಲೆಯ ಕಳೆಗೆ ಬೇರೆ ಔಷಧಿ ಇದೆ, ಆದರೆ ಅದನ್ನು ಹೊಡೆದ ಮೇಲೆ ಮೂರು ನಾಲ್ಕು ವಾರ ಬೀಜ ಹಾಕುವ ಹಾಗಿಲ್ಲ. ಹೊಸ ಹುಲ್ಲು ಎರಡು ಮೂರು ಸಲ ಕತ್ತರಿಸುವಷ್ಟು ಬೆಳೆಯುವ ತನಕ ಮತ್ತೆ ಹೊಡೆಯುವ ಹಾಗೂ ಇಲ್ಲ. ಸಣ್ಣ ಅಂಗಳವಾದರೆ ಮಳೆ ಬಂದ ಮರುದಿನ ಕೂತು ಕೀಳುವುದೇ ಸುಲಭ.

ಬಿತ್ತುವ ದಿನ ಮೊದಲು ಇದ್ದ ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಬೇಕು. ಆಮೇಲೆ ಕುಂಟೆಯಲ್ಲಿ ಗಸಗಸ ಗೀರಿ ಒಣ ಹುಲ್ಲೆಲ್ಲ ಎಳೆದು ಹಾಕಬೇಕು. ನೆಲ ಗಟ್ಟಿಯಾಗಿದ್ದರೆ ಬಾಡಿಗೆಗೆ ಏರೇಟರ್ ಸಿಗುತ್ತದೆ. ಟೊಳ್ಳು ಮೊಳೆಗಳ ಉರುಳೆ ಅದು. ಬೆರಳುದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಉದುರಿಸುತ್ತಾ ಹೋಗುತ್ತದೆ. ಅವನ್ನು ಹೆಕ್ಕಬಾರದು, ಮಳೆಗೆ ಕರಗಿ ಮಣ್ಣಿಗೇ ಸೇರುತ್ತವೆ. ಒಂದೇ ಮಾತು, ಬೀಜ ಮಣ್ಣಿಗೆ ತಾಗಬೇಕು. ಹಳೇ ಹುಲ್ಲಿನ ಮೇಲೆ ಎರಚಿದ್ದು ಹಕ್ಕಿಗೆ.

ಚೀಲ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಚೀಟಿ ಓದಿ. ಯಾವ ತಳಿ ಎಷ್ಟು ಪಾಲು, ಎಷ್ಟು ಮೊಳೆಯುತ್ತದೆ, ಕಳೆ ಬೀಜ ಎಷ್ಟು, ಪರೀಕ್ಷೆ ಯಾವಾಗ ಆಯಿತು ಅಂತ ಅಲ್ಲಿ ಬರೆದಿರಲೇಬೇಕು. ಬಣ್ಣದ ಲೇಪ ಹಚ್ಚಿದ ಕೆಲವು ಬೀಜಗಳಲ್ಲಿ ಅರ್ಧ ತೂಕ ಲೇಪದ್ದೇ. ಟಾಲ್ ಫೆಸ್ಕ್ಯೂ ಇದ್ದ ಹುಲ್ಲಿನ ನಡುವೆ ಹಾಕುವುದಾದರೆ ಸಾವಿರ ಚದರ ಅಡಿಗೆ ನಾಲ್ಕು ಪೌಂಡ್, ಬೋಳು ನೆಲಕ್ಕೆ ಆರರಿಂದ ಎಂಟು. ನಮ್ಮ ಲೆಕ್ಕದಲ್ಲಿ ಗುಂಟೆಗೆ ಎರಡು ಕಿಲೋ, ಬೋಳಿದ್ದರೆ ಮೂರರಿಂದ ನಾಲ್ಕು. ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಚೆಲ್ಲಿದರೆ ಎಲ್ಲೂ ತಪ್ಪುವುದಿಲ್ಲ. ಮೇಲೆ ಕಾಲು ಅಂಗುಲ ಕಾಂಪೋಸ್ಟ್ ಉದುರಿಸಿದರೆ ಇನ್ನೂ ಒಳ್ಳೆಯದು.

ಗೊಬ್ಬರಕ್ಕೆ ಇಲ್ಲಿ ಕಾನೂನಿದೆ. ಮನೆಗಳ ಅಂಗಳದ ಗೊಬ್ಬರ ಮಳೆನೀರಿನ ಜೊತೆ ಹೋಗಿ ಚೆಸಪೀಕ್ ಕೊಲ್ಲಿ ಹಾಳಾಗುತ್ತದೆ ಅಂತ 2013ರಿಂದ ರಂಜಕ ಹಾಕುವುದಕ್ಕೆ ತಡೆ. ಹೊಸದಾಗಿ ಬಿತ್ತುವಾಗ, ಇಲ್ಲವೇ ಮಣ್ಣಿನ ಪರೀಕ್ಷೆಯಲ್ಲಿ ಕಮ್ಮಿ ಅಂತ ಬಂದಾಗ ಮಾತ್ರ ಹಾಕಬಹುದು. ನವೆಂಬರ್ 15ರ ನಂತರ ಮಾರ್ಚ್ 1ರ ತನಕ ಯಾವ ಗೊಬ್ಬರವನ್ನೂ ಹಾಕುವಂತಿಲ್ಲ. ಅಘನಾಶಿನಿ, ಕಾಳಿ ದಡದವರಿಗೆ ಇದರ ಹಿಂದಿನ ಯೋಚನೆ ಕೂಡಲೇ ಅರ್ಥವಾಗುತ್ತದೆ.

ಆಮೇಲೆ ನೀರು. ಮೊದಲ ಎರಡು ವಾರ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ. ಮೇಲ್ಮಣ್ಣು ಒಣಗಬಾರದು, ನೀರೂ ನಿಲ್ಲಬಾರದು. ಒಮ್ಮೆ ಬಾಯಿ ಬಿಟ್ಟ ಬೀಜ ಅರ್ಧ ದಿನ ಒಣಗಿದರೆ ಮುಗಿಯಿತು. ಹಾಗಾಗಿ ರಜೆಗೆ ಹೊರಡುವ ಮುಂಚೆ ಬಿತ್ತುವ ಮಾತೇ ಇಲ್ಲ. ಒಂದು ವಾರದಿಂದ ಎರಡು ವಾರದೊಳಗೆ ಫೆಸ್ಕ್ಯೂ ಕಾಣುತ್ತದೆ. ಬಗ್ಗಿ, ಕಣ್ಣು ನೆಲದ ಮಟ್ಟಕ್ಕೆ ತಂದು ನೋಡಿದರೆ ಮಾತ್ರ ಕಾಣುವ ನೂಲಿನೆಳೆ, ತುದಿಯಲ್ಲಿ ಒಂದೊಂದು ಹನಿ. ನಿಂತು ನೋಡಿದವರಿಗೆ ಅದೇ ಬೋಳು ನೆಲ. ಮೂರೂವರೆ ಅಂಗುಲ ಬೆಳೆದ ಮೇಲೆ ಮೊದಲ ಕತ್ತರಿ, ಚೂಪಾದ ಅಲಗಿನಲ್ಲಿ.

ಅಷ್ಟೊತ್ತಿಗೆ ಎಲೆ ಉದುರಲು ಶುರು. ಎಳೆ ಹುಲ್ಲಿನ ಮೇಲೆ ಒದ್ದೆ ಎಲೆ ಕೂತರೆ ಉಸಿರು ಕಟ್ಟುತ್ತದೆ, ವಾರಕ್ಕೊಮ್ಮೆಯಾದರೂ ಗುಡಿಸಬೇಕು. ಊರಲ್ಲಿ ದರಕಿಗೆ, ಅಂದರೆ ಒಣ ಎಲೆಗೆ, ಬೆಟ್ಟ ಹತ್ತಿ, ಹಗ್ಗದ ಬಲೆಯ ಕಲ್ಲಿ ತುಂಬಿ ಹೊತ್ತು ತರುತ್ತೇವೆ. ಇಲ್ಲಿ ಅದನ್ನೇ ಕಾಗದದ ಚೀಲದಲ್ಲಿ ತುಂಬಿ ರಸ್ತೆ ಬದಿ ಇಟ್ಟರೆ ಲಾರಿ ಬಂದು ಒಯ್ಯುತ್ತದೆ. ನನಗೆ ಮನಸ್ಸು ಬಾರದೆ ಹಿತ್ತಿಲಲ್ಲಿ ಗುಂಡಿ ಮಾಡಿ ಹಾಕುತ್ತೇನೆ. ಮುಂದಿನ ವರ್ಷದ ಕಾಂಪೋಸ್ಟ್ ಅಲ್ಲಿಂದಲೇ.

ವಸಂತದಲ್ಲಿ ಫಾರ್ಸಿಥಿಯಾ ಅನ್ನುವ ಹಳದಿ ಹೂವಿನ ಗಿಡ ಅರಳಿದಾಗ ಕ್ರ್ಯಾಬ್‌ಗ್ರಾಸ್ ಮೊಳೆಯದ ಹಾಗೆ ಔಷಧಿ ಹಾಕುತ್ತಾರೆ. ಆ ಔಷಧಿ ಹೆಚ್ಚಿನಂಶ ಹುಲ್ಲಿನ ಬೀಜವನ್ನೂ ಮೊಳೆಯಲು ಬಿಡುವುದಿಲ್ಲ. ಚೌತಿಗೇ ಬಿತ್ತಿ ಮುಗಿಸಿದವರಿಗೆ ಆ ಗೊಂದಲವಿಲ್ಲ.

ಈಗ ಭಾವನ ಚೀಲ. ತರುವುದಿಲ್ಲ ಭಾವ. ಬಿತ್ತನೆ ಬೀಜ ಒಳಗೆ ತರಲು ಆಮದು ಪರವಾನಗಿ, ರೋಗವಿಲ್ಲ ಅನ್ನುವ ಪ್ರಮಾಣಪತ್ರ ಎಲ್ಲ ಬೇಕು, ಸೂಟ್‌ಕೇಸಿನಲ್ಲಿ ತುರುಕಿ ತರುವ ವಸ್ತುವಲ್ಲ. ತಂದರೂ ಘಟ್ಟದ ಕೆಳಗಿನ ಮಳೆ–ಸೆಕೆಗೆ ಫೆಸ್ಕ್ಯೂ ಕೊಳೆತು ಹೋಗುತ್ತದೆ. ನಿಮಗೆ ಗರಿಕೆಯೇ ಸರಿ, ಬಿಸಿಲಿದ್ದಲ್ಲಿ ಮೆಕ್ಸಿಕನ್ ಹುಲ್ಲೂ ಆಗುತ್ತದೆ. ಬೀಜವೂ ಬೇಡ. ಬೇರು ಸಮೇತ ತುಂಡು ಮಾಡಿ, ಜೂನಿನ ಮೊದಲ ಮಳೆ ಹಿಡಿದ ಮೇಲೆ ಗೇಣಿಗೊಂದು ನೆಟ್ಟರೆ ಹರಿದು ತುಂಬಿಕೊಳ್ಳುತ್ತದೆ. ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು ಕೊಡಿ. ಅಡಿಕೆ ಒಣಗಿಸುವ ಅಂಗಳ ಬಿಟ್ಟು ಬೇರೆ ಕಡೆ ಮಾಡಿ, ಇಲ್ಲದಿದ್ದರೆ ಅಕ್ಕನ ಹತ್ತಿರ ನಾನೂ ಸೇರಿ ಬೈಸಿಕೊಳ್ಳಬೇಕಾಗುತ್ತದೆ. ಮತ್ತೆ ಬೇಲಿಯ ಆ ದಣಪೆ ಮೊದಲು ಸರಿ ಮಾಡಿಸಿ. ನಿಮ್ಮನೆ ದನಕ್ಕೆ ಗರಿಕೆ ಅಂದರೆ ಪ್ರಾಣ.