ಇಲ್ಲದ ಇಬ್ಬರು ಹೆಂಗಸರು

ಶೆರಿ ಪಪೀನಿ ಕೇಸ್ ಓದ್ತಾ ಕೂತಿದ್ದೀನಿ, ನಿದ್ದೆ ಹಾರಿಹೋಯ್ತು. 2016ರ ನವೆಂಬರ್, ಕ್ಯಾಲಿಫೋರ್ನಿಯಾದ ರೆಡ್ಡಿಂಗ್. ಜಾಗಿಂಗ್‌ಗೆ ಹೋದವಳು ನಾಪತ್ತೆ. 22 ದಿನ ಆದ್ಮೇಲೆ ಸೊಂಟಕ್ಕೆ ಸರಪಳಿ, ಭುಜದ ಮೇಲೆ ಸುಟ್ಟ ಬರೆ ಸಮೇತ ಪ್ರತ್ಯಕ್ಷ. ಇಬ್ಬರು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದ) ಹೆಂಗಸರು ಬಂದೂಕು ತೋರಿಸಿ ಹೊತ್ತೊಯ್ದರು ಅಂದಳು. ಎಲ್ಲಾ ಸುಳ್ಳು, ಅವಳು ಇದ್ದದ್ದು ಹಳೇ ಬಾಯ್‌ಫ್ರೆಂಡ್ ಮನೇಲಿ! ಕೊನೆಗೆ ಬಟ್ಟೆ ಮೇಲಿದ್ದ ಅವನ ಡಿಎನ್‌ಎ ಬಾಯಿಬಿಡ್ತು. 2022ರಲ್ಲಿ ತಪ್ಪೊಪ್ಪಿಕೊಂಡಳು, 18 ತಿಂಗಳು ಜೈಲು.

ನನ್ನ ತಲೇಲಿ ಕೂತಿರೋದು ಆ ಇಬ್ಬರು ಹೆಂಗಸರು. ಎಫ್‌ಬಿಐ ಆ ಇಬ್ಬರ ರೇಖಾಚಿತ್ರ ಬರೆಸಿ ಊರಿಗೆಲ್ಲ ಹಂಚಿತ್ತು. ಹುಟ್ಟೇ ಇಲ್ಲದವರ ಮುಖ. ಅದನ್ನು ಹೋಲುವ ಯಾವ ಬಡಪಾಯಿಗಳನ್ನ ಜನ ಅಂಗಡೀಲಿ, ಬಸ್ಸಲ್ಲಿ ದಿಟ್ಟಿಸಿ ನೋಡಿದ್ರೋ!

ಇದಕ್ಕೂ ಮುಂಚೆ, 2015ರಲ್ಲಿ, ಅದೇ ರಾಜ್ಯದ ವಲೇಹೋದಲ್ಲಿ ಪೂರಾ ಉಲ್ಟಾ. ನಿಜವಾಗಿ ಅಪಹರಣ ಆದವಳು ಬದುಕಿ ಬಂದ್ರೆ ಪೊಲೀಸರು ನಾಟಕ ಅಂದುಬಿಟ್ಟರು. ಅಪಹರಿಸಿದವನು ಆಮೇಲೆ ಇನ್ನೊಂದು ಮನೆಗೆ ನುಗ್ಗಿ ಸಿಕ್ಕಿಬಿದ್ದ, 40 ವರ್ಷ ಶಿಕ್ಷೆ ಆಯ್ತು.

ಟ್ರೂ ಕ್ರೈಮ್, ಅಂದ್ರೆ ನಿಜವಾದ ಅಪರಾಧಗಳ ಕಥೆ, ನೋಡಿ ನೋಡಿ ನಮಗೆ ಸಂತ್ರಸ್ತೆ ಎಷ್ಟು ಅಳಬೇಕು ಅನ್ನೋದಕ್ಕೂ ಒಂದು ಅಳತೆ ಬಂದುಬಿಟ್ಟಿದೆ. ಸರಪಳಿ, ಬರೆ ಇದ್ರೆ ನಂಬಿಕೆ. ಶಾಂತವಾಗಿ ಮಾತಾಡಿದ್ರೆ ಅನುಮಾನ. ಹಾಗಂತ ನೋಡೋದು ಬಿಡ್ತೀನಾ? ಪಪೀನಿ ಡಾಕ್ಯುಮೆಂಟರಿ ಈ ಶನಿವಾರಕ್ಕೆ ಎತ್ತಿಟ್ಟಿದ್ದೀನಿ.